ಗುಡ್ಡದ ಆಕಳಿಕೆ

ಎಕ್ಸ್‌ರೇ ಕೋಣೆಗೆ ಊರಿನ ಸುದ್ದಿ ಮುಟ್ಟುವುದು ಯಾವಾಗಲೂ ಕೊನೆಗೆ. ಸೀಸದ ತಗಡು ಬಡಿದ ದಪ್ಪ ಬಾಗಿಲು, ಕಿಟಕಿಯೇ ಇಲ್ಲದ ಗೋಡೆ, ಫೋನನ್ನು ಹೊರಗಿನ ಡ್ರಾಯರಿನಲ್ಲಿಟ್ಟು ಬರಬೇಕೆಂಬ ಕಟ್ಟಪ್ಪಣೆ. ಆ ಬೆಳಿಗ್ಗೆ ಆಸ್ಪತ್ರೆಗೆ ಆಸ್ಪತ್ರೆಯೇ ಬುಡಮೇಲಾಗುತ್ತಿದ್ದಾಗ ಧೂಳಕ್ಕ ಒಬ್ಬ ಅಜ್ಜಿಯ ಸೊಂಟವನ್ನು ಯಂತ್ರದ ಕೆಳಗೆ ಹೊಂದಿಸುವುದರಲ್ಲಿ ಮುಳುಗಿದ್ದಳು.

ಬಾಗಿಲು ದಡಾರನೆ ತೆರೆಯಿತು. ರೋಗಿಗಳನ್ನು ತಳ್ಳಿ ತಳ್ಳಿಯೇ ತಲೆ ನರೆಸಿಕೊಂಡಿದ್ದ, ಎಲ್ಲರೂ ಸ್ಟ್ರೆಚರ್ ಮಾಮ ಎಂದು ಕರೆಯುವ ಮನುಷ್ಯ ಏದುಸಿರು ಬಿಡುತ್ತ ನಿಂತಿದ್ದ.

"ಮೇಜು ಖಾಲಿ ಮಾಡಮ್ಮ. ಸುರಂಗ ಕುಸಿದಿದೆಯಂತೆ. ಒಂದು ಬಸ್ಸು ಒಳಗೇ ಹೂತು ಹೋಗಿದೆ. ಎರಡೂ ಆಂಬುಲೆನ್ಸ್ ಹೋದವು. ಎಷ್ಟು ಜನರನ್ನ ತರ್ತಾರೋ ದೇವರೇ ಬಲ್ಲ."

"ಯಾವ ಬಸ್ಸು?"

ಮಾಮ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅವಳ ಅಣ್ಣ ಆ ದಾರಿಯಲ್ಲೇ ಬಸ್ಸು ಓಡಿಸುತ್ತಾನೆಂಬುದು ಅವನಿಗೆ ಆಗ ನೆನಪಾಗಿರಬೇಕು.

"ಹಳದಿ ಬಸ್ಸು," ಎಂದ ಮೆಲ್ಲಗೆ. "ಹದಿನಾಲ್ಕನೇ ನಂಬರು."

ಅವಳು ಅಜ್ಜಿಯನ್ನು ಮೇಜಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಹೊರಗೆ ಬಂದು ಡ್ರಾಯರು ಎಳೆದು ಫೋನು ತೆಗೆದಳು. ಅಣ್ಣನ ನಂಬರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಂದು ಹೆಣ್ಣುದನಿ ಏನೂ ಆಗಿಲ್ಲವೆಂಬಂತೆ ಹೇಳಿತು. ಮತ್ತೆ ಒತ್ತಿದಳು. ಮತ್ತೆ ಅದೇ ಮಾತು. ಅವಳನ್ನು ಹೆದರಿಸಿದ್ದು ಅದಷ್ಟೇ ಅಲ್ಲ. ಹಿಂದಿನ ಸಂಜೆ ತಾನು ಎಲ್ಲರೂ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕಿದ ಕಿರುಚಿತ್ರದಲ್ಲಿ ಇದೇ ಸುರಂಗ, ಇದೇ ಬಸ್ಸು. "ಕೆಟ್ಟದ್ದನ್ನ ಬಾಯಲ್ಲಿ ಆಡಬೇಡ ಕಣೇ, ಅಸ್ತು ಅನ್ನೋ ದೇವತೆಗಳು ಓಡಾಡ್ತಿರ್ತಾರೆ" ಎಂದು ಅಮ್ಮ ಚಿಕ್ಕಂದಿನಿಂದ ಬೈಯುತ್ತಿದ್ದಳು. ತಾನು ಬಾಯಲ್ಲಿ ಆಡಿರಲಿಲ್ಲ, ಚಿತ್ರ ಮಾಡಿಯೇ ತೋರಿಸಿದ್ದಳು.

ಹೊರಗಿನ ಓಣಿಯಲ್ಲಿ ನರ್ಸುಗಳು ಒಂದು ಫೋನಿನ ಸುತ್ತ ಮುತ್ತಿಕೊಂಡಿದ್ದರು. ಒಬ್ಬಳು ಅಳುತ್ತಿದ್ದಳು. ಧೂಳಕ್ಕ ಅವರ ಭುಜಗಳ ನಡುವೆ ತಲೆ ತೂರಿಸಿದಳು.

ಫೋನಿನ ಪರದೆಯಲ್ಲಿ ಹಳದಿ ಬಸ್ಸು ಸುರಂಗದೊಳಗೆ ನುಗ್ಗುತ್ತಿತ್ತು. ಬಾಯಿಯ ಮೇಲ್ಗಡೆ ಒಂದು ಬಿರುಕು ಹಾವಿನಂತೆ ಹರಿದು ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಂಡೆಗಳು ಜಾರಿ ಬಿದ್ದವು, ಚಿತ್ರ ತೆಗೆಯುತ್ತಿದ್ದವನ ಕೈ ಅದುರಿತು, ಧೂಳಿನ ಗೋಡೆಯೊಂದು ರಸ್ತೆಯ ಮೇಲೆ ಉರುಳಿಕೊಂಡು ಬಂದು ಎಲ್ಲವನ್ನೂ ಮುಚ್ಚಿತು.

ನರ್ಸು ಇನ್ನೊಮ್ಮೆ ಓಡಿಸಿದಳು. ಈ ಸಲ ಧೂಳಕ್ಕ ಬಸ್ಸನ್ನು ನೋಡಲಿಲ್ಲ. ಎಡಮೂಲೆಯಲ್ಲಿ ಏಳುವ ಧೂಳಿನ ಸುರುಳಿಯನ್ನು ನೋಡಿದಳು. ಅದು ನಡುವೆ ಒಮ್ಮೆ ಹಿಂದಕ್ಕೆ ಸುತ್ತಿಕೊಂಡು ಹೂಕೋಸಿನಂತೆ ಉಬ್ಬುತ್ತಿತ್ತು.

"ಇದು ಹಿಟ್ಟು!" ಎಂದು ಕಿರುಚಿದಳು. "ಇದು ನಮ್ಮನೆ ಹಿಟ್ಟು!"

ನರ್ಸುಗಳು ಅವಳಿಗೆ ತಲೆ ಕೆಟ್ಟಿತೆಂದುಕೊಂಡರು. ಒಬ್ಬಳು ನೀರು ತರಲು ಓಡಿದಳು.

ಧೂಳಕ್ಕ ಎಂಬ ಹೆಸರು ಬಂದದ್ದೂ ಆ ಹಿಟ್ಟಿನಿಂದಲೇ. ದಿನವಿಡೀ ಜನರ ಮೂಳೆಗಳನ್ನು ಕಪ್ಪು ಬಿಳುಪಿನಲ್ಲಿ ನೋಡುವ ಕೆಲಸ ಅವಳದು. ನೋಡುತ್ತ ನೋಡುತ್ತ ಬೆಳಕು ಎಲ್ಲಿ ತೂರುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂಬ ಹುಚ್ಚು ಹತ್ತಿತ್ತು. ರಜೆಯ ದಿನಗಳಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಯಾರ್‍ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹೇಳಿಕೊಟ್ಟದ್ದನ್ನು ನೋಡಿ ನೋಡಿ, ಇಲ್ಲದ್ದನ್ನು ಇದ್ದಂತೆ ತೋರಿಸುವ ವಿದ್ಯೆ ಕಲಿತಳು. ಅವಳ ಚಿತ್ರಗಳಲ್ಲಿ ನೀರಿನ ಟ್ಯಾಂಕು ಕಾಲು ಚಾಚಿ ನಡೆದು ಹೋಗುತ್ತಿತ್ತು. ಟ್ರಾಫಿಕ್ ದೀಪಗಳು ಪರಸ್ಪರ ಕಣ್ಣು ಹೊಡೆಯುತ್ತಿದ್ದವು. ಕಂಪ್ಯೂಟರಿನಲ್ಲಿ ಹುಟ್ಟಿಸಿದ ಧೂಳು ಅವಳಿಗೆ ಒಗ್ಗುತ್ತಿರಲಿಲ್ಲ. ಅದು ತೀರಾ ಶಿಸ್ತಿನ ಧೂಳು ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಕಪ್ಪು ಬಟ್ಟೆ ಕಟ್ಟಿ, ಹಿಟ್ಟನ್ನು ತಟ್ಟೆಯಿಂದ ಬೀಸಿ, ಅದು ಏಳುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ಗುಡ್ಡದಷ್ಟು ದೊಡ್ಡದು ಮಾಡಿ ಚಿತ್ರಕ್ಕೆ ಅಂಟಿಸುತ್ತಿದ್ದಳು. ಅಮ್ಮನಿಗೆ ದಿನಾ ನೆಲ ಒರೆಸುವ ಕೆಲಸ. "ಜನ ಹೊಟ್ಟೆಗೆ ಹಿಟ್ಟಿಲ್ಲ ಅಂತಾರೆ, ಇವಳು ಕಣ್ಣಿಗೆ ಹಿಟ್ಟು ಎರಚ್ತಾಳೆ" ಎಂದು ಅಮ್ಮ ಗೊಣಗಿದರೆ ಅಣ್ಣ ನಗುತ್ತಿದ್ದ. ನೋಡುವವರು ಮಾತ್ರ "ಅಕ್ಕ ಧೂಳೆಬ್ಬಿಸಿಬಿಟ್ರು" ಎಂದು ಬರೆದು ಬರೆದು ಕೊನೆಗೆ ಧೂಳಕ್ಕನೆಂದೇ ಕರೆದರು.

ಹೊಸ ಚಿತ್ರದ ಹೆಸರು 'ಗುಡ್ಡದ ಆಕಳಿಕೆ'. ಮಲಗಿದ್ದ ಗುಡ್ಡಕ್ಕೆ ಆಕಳಿಕೆ ಬರುತ್ತದೆ. ಅದರ ಬಾಯಿಯೇ ಸುರಂಗ. ಬಾಯಿ ಮುಚ್ಚುವಾಗ ಬಸ್ಸು ಒಳಗೆ ಸಿಕ್ಕಿಬೀಳುತ್ತದೆ. ಧೂಳು ಇಳಿದ ಮೇಲೆ ಗುಡ್ಡ ಒಂದು ಕಣ್ಣು ಬಿಡುತ್ತದೆ, ಮೂಗಿಗೆ ಕಚಗುಳಿಯಾಗಿ ಸೀನುತ್ತದೆ, ಬಸ್ಸು ಆಚೆ ಬದಿಯಿಂದ ಹಾರಿ ಬಂದು ನಿಲ್ಲುತ್ತದೆ, ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಮುಖ ಒರೆಸಿಕೊಳ್ಳುತ್ತಾನೆ. ಡ್ರೈವರು ಅಣ್ಣನೇ. ಎಲ್ಲ ಕಲ್ಪನೆ ಎಂದು ಮೊದಲೇ ಒಂದು ಸಾಲು ಹಾಕೋಣವೇ ಎಂದು ಯೋಚಿಸಿ, ಮಜಾ ಹೋಗುತ್ತದೆಂದು ಬಿಟ್ಟಿದ್ದಳು. ಯಾರೋ ಪುಣ್ಯಾತ್ಮ ಗುಡ್ಡ ಕಣ್ಣು ಬಿಡುವ ಮೊದಲೇ ಚಿತ್ರವನ್ನು ಕತ್ತರಿಸಿ, "ಈಗಷ್ಟೇ ಆದದ್ದು" ಎಂದು ಬರೆದು ಹರಿಯಬಿಟ್ಟಿದ್ದ.

ಅವಳು ದೊಡ್ಡ ಡಾಕ್ಟರ ಕೋಣೆಗೆ ಓಡಿದಳು. ಅವರು ಒಂದು ಕೈಯಲ್ಲಿ ಫೋನು ಹಿಡಿದೇ ಇಡೀ ಚಿತ್ರ ನೋಡಿದರು. ಗುಡ್ಡ ಸೀನಿದಾಗ ಅವರ ಮುಖದಲ್ಲಿ ನಗೆ ಬರಲಿಲ್ಲ.

"ಸುರಂಗ ಕುಸಿದಿಲ್ಲ ಅಂತೀಯ?"

"ಕುಸಿದಿಲ್ಲ ಸಾರ್. ಆಂಬುಲೆನ್ಸ್ ವಾಪಸ್ ಕರೆಸಿ."

"ಹಾಗಾದ್ರೆ ಇದನ್ನ ಕೇಳು," ಎಂದು ಫೋನನ್ನು ಅವಳ ಕಿವಿಗೆ ಹಿಡಿದರು. ಆ ಕಡೆ ಆಂಬುಲೆನ್ಸಿನ ಡ್ರೈವರಿದ್ದ. ಸುರಂಗದೊಳಗೆ ಕತ್ತಲೆಯಂತೆ. ಬಾಯಿಯಲ್ಲಿ ಅಡ್ಡಾದಿಡ್ಡಿ ಗಾಡಿಗಳಂತೆ. ಹೊತ್ತಾಯಿತು, ಒಳಗಿನಿಂದ ಒಬ್ಬರೂ ಬಂದಿಲ್ಲ, ಹೊಗೆ ಮಾತ್ರ ಬರುತ್ತಿದೆ ಎಂದ.

ಧೂಳಕ್ಕನಿಗೆ ಏನು ನಂಬಬೇಕೋ ತಿಳಿಯಲಿಲ್ಲ. ಮನೆಗೆ ಫೋನು ಮಾಡಿದಳು. ಎತ್ತಿದ್ದು ಅತ್ತಿಗೆ. ಅವಳ ಅಳುವಿನ ನಡುವೆ ತಿಳಿದದ್ದಿಷ್ಟು: ಪಕ್ಕದ ಮನೆಯವರು ವಿಡಿಯೋ ತೋರಿಸಿದ್ದೇ ತಡ, ಅಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಸುರಂಗದ ಕಡೆ ಹೊರಟುಬಿಟ್ಟಿದ್ದಳು.

"ಅತ್ತಿಗೆ, ಅದು ಸುಳ್ಳು. ನಾನು ಮಾಡಿದ್ದು. ಅಣ್ಣ ಮುಖ ಒರೆಸಿಕೊಳ್ಳೋದನ್ನ ನಿನಗೂ ತೋರಿಸಿದ್ನಲ್ಲ!"

"ಮತ್ತೆ ಅವರ ಫೋನು ಯಾಕೆ ಸಿಗ್ತಿಲ್ಲ?" ಎಂದಳು ಅತ್ತಿಗೆ. ಇವಳು ಫೋನಿಟ್ಟು ಸ್ಟ್ರೆಚರ್ ಮಾಮನನ್ನು ಹುಡುಕಿ ಓಡಿದಳು.

ಸ್ಟ್ರೆಚರ್ ಮಾಮನ ಸ್ಕೂಟರಿನ ಹಿಂದೆ ಕೂತು ಹೋದಳು. ಸುರಂಗದ ರಸ್ತೆಯಲ್ಲಿ ಗಾಡಿಗಳು ಬಾಗಿಲು ತೆರೆದೇ ನಿಂತಿದ್ದವು. ಕೆಲವುಗಳಲ್ಲಿ ರೇಡಿಯೋ ಇನ್ನೂ ಹಾಡುತ್ತಿತ್ತು. ದಾರಿಯುದ್ದಕ್ಕೂ ಒಂಟಿ ಚಪ್ಪಲಿಗಳು, ಒಡೆದ ಕನ್ನಡಕ, ಚೆಲ್ಲಿದ ಹಾಲು. ಸುರಂಗದ ಮುಂದೆ ಗಾಡಿಗಳ ಸಾಲಿನಲ್ಲಿ ಕಾಯುತ್ತಿದ್ದವರ ಫೋನಿಗೆ ಬೆಳಿಗ್ಗೆ ಆ ತುಣುಕು ಬಂದಾಗ, ಎದುರಿಗಿದ್ದ ಗುಡ್ಡವೇ ಕುಸಿಯುತ್ತಿದೆಯೆಂದು ಯಾರೋ ಕೂಗಿದ್ದರು. ಗಾಡಿಗಳನ್ನು ಎಲ್ಲೆಂದರಲ್ಲಿ ಬಿಟ್ಟು ಓಡಿದ್ದರು. ಆಚೆ ಬದಿಯ ಬಾಯಿಯಲ್ಲೂ ಅದೇ ಕತೆ. ಕಾವಲು ಕೋಣೆಯವನು, ಕುಸಿತದ ಸುದ್ದಿ ಬಂದರೆ ಮೊದಲು ಕರೆಂಟು ತೆಗೆಯಬೇಕೆಂಬ ನಿಯಮ ಪಾಲಿಸಿದ್ದ. ಅದರೊಂದಿಗೆ ಸುರಂಗದ ದೀಪವೂ ಹೋಯಿತು, ಗಾಳಿ ಎಳೆಯುವ ಫ್ಯಾನುಗಳೂ ನಿಂತವು. ಒಳಗಿದ್ದವರು ಎರಡೂ ಕಡೆ ಬಿರಡೆ ಹಾಕಿದ ಕೊಳವೆಯಲ್ಲಿ ಸಿಕ್ಕಂತೆ ಸಿಕ್ಕಿಕೊಂಡಿದ್ದರು. ಸುಳ್ಳು ಸುರಂಗ ಕುಸಿದು ನಿಜವಾದ ಸುರಂಗ ಮುಚ್ಚಿತ್ತು.

ಹಗ್ಗ ಕಟ್ಟಿ ಜನರನ್ನು ತಡೆದಿದ್ದ ಪೊಲೀಸ್ ಅಧಿಕಾರಿಯ ಮುಂದೆ ಅವಳು ಫೋನು ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಅಂದ್ರೆ ಗುಡ್ಡ ಕಣ್ಣು ಬಿಟ್ಟಿದ್ದು ಸುಳ್ಳು, ಬಿದ್ದಿದ್ದು ನಿಜ. ಯಾವುದೋ ನಿಜವಾದ ವಿಡಿಯೋಗೆ ನೀವು ಬಾಲ ಅಂಟಿಸಿದೀರಿ. ಈ ಬಾಯಿ ಗಟ್ಟಿಯಾಗಿದೆ, ಬಿದ್ದಿರೋದು ಆಚೆ ಬದೀದು."

"ಇಲ್ಲ ಸಾರ್, ಎರಡೂ ಸುಳ್ಳು. ಎರಡೂ ನಾನೇ ಮಾಡಿದ್ದು. ಮೊದಲು ಫ್ಯಾನ್ ಹಾಕ್ಸಿ, ಒಳಗಿರೋರು ಉಸಿರುಕಟ್ಟಿ ಸಾಯ್ತಾರೆ!"

"ತಂತಿ ತುಂಡಾಗಿದ್ದು, ನಾನು ಕರೆಂಟ್ ಹಾಕ್ಸಿ, ಎಲ್ಲಾ ಹೊತ್ತಿಕೊಂಡ್ರೆ? ಎಂಜಿನಿಯರ್ ಬರ್ತಿದಾರೆ, ಮೇಡಂ. ಅಲ್ಲೀವರೆಗೆ ನನ್ನ ಹುಡುಗರನ್ನ ಒಳಗೆ ಕಳಿಸಲ್ಲ. ನನಗೂ ಮನೆ ಮಠ ಇದೆ, ಅವರಿಗೂ ಇದೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಅವಳಿಗೆ ನುಂಗಲಾರದ ತುತ್ತಾಯಿತು. ತನ್ನ ಕೈಚಳಕ ಎಷ್ಟು ಚೆನ್ನಾಗಿತ್ತೆಂದರೆ ತನ್ನ ಮಾತಿಗೇ ಬೆಲೆಯಿರಲಿಲ್ಲ.

ಹಗ್ಗದ ಪಕ್ಕದಲ್ಲಿ ರಸ್ತೆಯ ಮೇಲೇ ಅಮ್ಮ ಕೂತಿದ್ದಳು. ಪಾದಗಳಲ್ಲಿ ರಕ್ತ. ಮಗಳನ್ನು ಕಂಡು ಅಳಲೂ ಇಲ್ಲ, ಬೈಯಲೂ ಇಲ್ಲ.

"ಅಮ್ಮ, ಅಣ್ಣಂಗೇನೂ ಆಗಿಲ್ಲ. ಅದು ನನ್ನ ಚಿತ್ರ. ನೀನೇ ನೆಲ ಒರೆಸಿದ್ದೆಯಲ್ಲ, ಆ ಹಿಟ್ಟು."

ಅಮ್ಮ ಅವಳ ಮುಖ ನೋಡಿದಳು. "ಹಾಗಾದ್ರೆ ಕರ್ಕೊಂಡು ಬಾ," ಎಂದಳು.

ಧೂಳಕ್ಕ ಹಗ್ಗದ ಕೆಳಗೆ ನುಸುಳಿ ಓಡಿದಳು. ಹಿಂದಿನಿಂದ ಶಿಳ್ಳೆ ಕೇಳಿಸಿತು, ಯಾರೋ ಕೂಗಿದರು. ಸುರಂಗದ ನೆರಳೊಳಗೆ ಕಾಲಿಟ್ಟ ಮೇಲೆ ಬೆನ್ನಟ್ಟಿ ಬರುವ ಹೆಜ್ಜೆಗಳು ನಿಂತವು, ಒಂದು ಜೊತೆ ಮಾತ್ರ ಬರುತ್ತಲೇ ಇತ್ತು. ತಿರುಗಿ ನೋಡಿದರೆ ಸ್ಟ್ರೆಚರ್ ಮಾಮ.

"ಮಾಮ, ನೀವ್ಯಾಕೆ ಬಂದ್ರಿ?"

"ಹೊತ್ಕೊಂಡು ಬರೋ ಕೆಲಸ ಅಲ್ವಾ ನಂದು? ನಡಿ, ನಡಿ."

ಫೋನಿನ ಬೆಳಕು ನಾಲ್ಕು ಮಾರು ದಾಟುತ್ತಿರಲಿಲ್ಲ. ಹೊಗೆಯ ಘಾಟು ಗಂಟಲನ್ನು ಕೆರೆಯುತ್ತಿತ್ತು. ಸುರಂಗ ನಡುವೆ ತಿರುಗುವುದರಿಂದ ಆಚೆಯ ಬೆಳಕು ಕಾಣುವಂತಿರಲಿಲ್ಲ. ಗೋಡೆಯಲ್ಲೊಂದು ಗೆರೆ ಕಂಡು ಅವಳು ಅದರ ಮೇಲೆ ಬೆಳಕು ಹಿಡಿದಳು. ಅದು ನೀರು ಸೋರಿದ ಹಳೆಯ ಕಲೆ. ಸುರಂಗದ ಬಾಯಿಯ ಮೇಲ್ಗಡೆ ಇಂಥದೇ ಕಲೆಯ ಮೇಲೆ ತಾನು ಬಿರುಕನ್ನು ಹರಿಸಿದ್ದು, ಇದೂ ಗೊತ್ತಿತ್ತು. ಆದರೂ ತಲೆ ಎತ್ತಿ ಚಾವಣಿ ನೋಡಲು ಧೈರ್ಯವಾಗಲಿಲ್ಲ. ಒಂದೊಂದು ಬಂಡೆ ಯಾವ ತೂಕದಲ್ಲಿ ಜಾರಬೇಕು, ಯಾವುದು ಮೊದಲು ಬೀಳಬೇಕು ಎಂದು ವಾರಗಟ್ಟಲೆ ಕೂತು ಗೊತ್ತುಮಾಡಿದವಳು ಅವಳೇ. ಈಗ ಅವೆಲ್ಲ ತಲೆಯ ಮೇಲೆ ಅದೇ ಕ್ರಮದಲ್ಲಿ ಕಾದು ನಿಂತಿವೆ ಎನ್ನಿಸುತ್ತಿತ್ತು. ಕಣ್ಣಿಗೆ ಕಟ್ಟಿದ್ದನ್ನು ಬುದ್ಧಿ ಎಷ್ಟು ತಿಕ್ಕಿದರೂ ಅಳಿಸಲಾಗಲಿಲ್ಲ. ಎಲ್ಲೋ ಒಂದು ಹರಳು ಉದುರಿದ ಸದ್ದಾಯಿತು. ಅವಳು ಗೋಡೆಗೆ ಅಂಟಿ ನಿಂತುಬಿಟ್ಟಳು.

"ಏನಾಯ್ತಮ್ಮ?"

"ಮಾಮ, ನಿಜವಾಗ್ಲೂ ಬಿದ್ದಿದ್ರೆ?"

"ನೀನೇ ಅಲ್ವಾ ಮಾಡಿದ್ದು?"

"ನಾನೇ. ಆದ್ರೂ..."

ಮಾಮ ಕೆಮ್ಮಿದ. "ನನಗೆ ಆ ವಿಡಿಯೋ ಗಿಡಿಯೋ ಗೊತ್ತಿಲ್ಲ. ನಿನ್ನನ್ನ ನಂಬಿ ಬಂದಿದೀನಿ. ಈಗ ನೀನೇ ಹೀಗಂದ್ರೆ ನನ್ನ ಗತಿಯೇನು?"

ಆ ಮಾತಿಗೆ ಅವಳು ಗೋಡೆ ಬಿಟ್ಟು ಹೆಜ್ಜೆ ಹಾಕಿದಳು. ತಿರುವಿನ ಹತ್ತಿರ ಮೊದಲು ಕೇಳಿಸಿದ್ದು ಯಾರೋ ಗದರುವ ದನಿ. "ತಳ್ಳಬೇಡಿ ಅಂದ್ನಲ್ಲ! ಮುಂದಿನವರ ಹೆಗಲು ಹಿಡ್ಕೊಳ್ಳಿ. ಎಂಜಿನ್ ಶುರು ಮಾಡಿದೋರ ಕೀಲಿ ಕಿತ್ತು ಎಸೀತೀನಿ!"

ಅಣ್ಣನ ದನಿ. ಚಿಕ್ಕಂದಿನಲ್ಲಿ ಅವಳನ್ನು ಗದರುತ್ತಿದ್ದದ್ದೂ ಇದೇ ದನಿಯಲ್ಲಿ.

ಅವನು ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ಜನರನ್ನು ಸಾಲಾಗಿ ನಡೆಸಿಕೊಂಡು ಬರುತ್ತಿದ್ದ. ಮುಂದೆ ಗಾಡಿಗಳು ಸರಿಯದೆ, ದೀಪ ಹೋಗಿ, ಹಿಂದಿನವರು ಎಂಜಿನ್ ಆರಿಸದೆ ಹಾರನ್ ಬಡಿಯತೊಡಗಿದಾಗ, ಇನ್ನು ಕೂತರೆ ಕೆಟ್ಟೆವು ಎಂದು ಒಂದೊಂದು ಗಾಡಿಯ ಕಿಟಕಿ ತಟ್ಟಿ ಎಲ್ಲರನ್ನೂ ಇಳಿಸಿದ್ದ. ಹೊರಗೆ ಏನಾಗಿದೆಯೆಂದು ಅವನಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ತಂಗಿಯ ಮುಖಕ್ಕೆ ಬೆಳಕು ಹಿಡಿದು ಬೆಚ್ಚಿದ.

"ನೀನಿಲ್ಲೇನು ಮಾಡ್ತಿದೀಯೇ?"

"ಆಮೇಲೆ ಹೇಳ್ತೀನಣ್ಣ."

ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸನ್ನು ಇಬ್ಬರು ಎಳೆದುಕೊಂಡು ಬರುತ್ತಿದ್ದರು. ದಮ್ಮಿನ ಕಾಯಿಲೆಯವಳು. ತುಟಿ ನೀಲಿಯಾಗಿತ್ತು, ಎದೆಯಿಂದ ಶಿಳ್ಳೆಯಂಥ ಸದ್ದು. ಮಾಮ ಬಗ್ಗಿ ಅವಳನ್ನು ಬೆನ್ನಿಗೆ ಹಾಕಿಕೊಂಡ. ಧೂಳಕ್ಕ ಪಕ್ಕದಲ್ಲಿ ಅವಳ ತಲೆ ಹಿಡಿದು ನಡೆದಳು. ಆ ಉಸಿರು ಎಳೆಯುವ ಸದ್ದು ಸುರಂಗದ ಬಾಯಿ ಬರುವವರೆಗೂ ಅವಳ ಕಿವಿಯಲ್ಲೇ ಇತ್ತು. ಪ್ರತಿ ಸಲವೂ ಇದೇ ಕೊನೆಯದೋ ಏನೋ ಎನ್ನಿಸುತ್ತಿತ್ತು.

ಬೆಳಕಿಗೆ ಬಂದಾಗ ಜನರ ಗದ್ದಲ ಥಟ್ಟನೆ ನಿಂತಿತು. ಒಬ್ಬೊಬ್ಬರಾಗಿ ಕಪ್ಪು ಮೂಗಿನ, ಕೆಂಪು ಕಣ್ಣಿನ ಜನ ಹೊರಬಂದರು. ಹೆಂಗಸನ್ನು ಆಂಬುಲೆನ್ಸಿಗೆ ಏರಿಸಿದರು. ಪೊಲೀಸ್ ಅಧಿಕಾರಿ ಕಾವಲು ಕೋಣೆಗೆ ಓಡಿ ತಾನೇ ನಿಂತು ಫ್ಯಾನು ಹಾಕಿಸಿದ. ಅಮ್ಮ ಎದ್ದು ಬಂದು ಮಗನ ಮುಖ, ಹೆಗಲು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ ಕೆನ್ನೆಗೆ ಒಂದು ಬಾರಿಸಿದಳು. ಬಾರಿಸಿದ ಕೈಯಿಂದಲೇ ಅವಳನ್ನು ಎಳೆದು ಅಪ್ಪಿಕೊಂಡು ಜೋರಾಗಿ ಅಳತೊಡಗಿದಳು.

ಮಧ್ಯಾಹ್ನ ಧೂಳಕ್ಕ ಕೆಲಸಕ್ಕೆ ವಾಪಸಾದಳು. ಓಡುವಾಗ ಬಿದ್ದವರು, ತುಳಿಸಿಕೊಂಡವರು ಓಣಿಯಲ್ಲಿ ಸಾಲಾಗಿ ಕೂತಿದ್ದರು. ದೊಡ್ಡ ಡಾಕ್ಟರು, "ಮನೆಗೆ ಹೋಗ್ತೀಯಾ?" ಎಂದು ಕೇಳಿದರು. ಅವಳು ಬೇಡವೆಂದಳು. ಕಾಲು ಮುರಿದುಕೊಂಡಿದ್ದ ಒಬ್ಬ ಬಡಗಿ ಮೇಜಿನ ಮೇಲೆ ಮಲಗಿ ಹಲ್ಲು ಕಚ್ಚಿ ಹೇಳಿದ: "ಆ ವಿಡಿಯೋ ಮಾಡಿದೋರು ಸಿಕ್ರೆ ಕೈ ಕಡೀಬೇಕು."

ಅವಳು ಅವನ ಕಾಲಿನ ಕೆಳಗೆ ದಿಂಬು ಸರಿಸುತ್ತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು.

"ಮಾಡಿದ್ದು ನಾನು," ಎಂದಳು. "ಕತ್ತರಿಸಿ ಹಬ್ಬಿಸಿದ್ದು ಬೇರೆಯವರು. ಮಾಡಿದ್ದು ನಾನು."

ಬಡಗಿ ತಲೆಯೆತ್ತಿ ಅವಳನ್ನೇ ನೋಡಿದ. ಕಾಲನ್ನು ಹಿಂದಕ್ಕೆಳೆದುಕೊಳ್ಳಲು ಹೋಗಿ ನೋವಿಗೆ ಚೀರಿದ. "ಬೇರೆ ಯಾರನ್ನಾದ್ರೂ ಕರೀರಿ," ಎಂದ. ಅವತ್ತು ಬೇರೆ ಯಾರೂ ಇರಲಿಲ್ಲ. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ, ಅವಳು ತನ್ನ ಕೆಲಸ ಮುಗಿಸಿದಳು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು.

ಪೊಲೀಸರು ಠಾಣೆಗೆ ಕರೆಸಿ ಕೇಳಬೇಕಾದ್ದೆಲ್ಲ ಕೇಳಿದರು, ಎಚ್ಚರಿಕೆ ಕೊಟ್ಟು ಕಳಿಸಿದರು. ತುಣುಕು ಹಬ್ಬಿಸಿದವನು ದೂರದ ಊರಿನವನು. ಸಿಕ್ಕಿಬಿದ್ದಾಗ "ಚೆನ್ನಾಗಿತ್ತು, ಹಾಕಿದೆ" ಎಂದನಂತೆ. ಚಿತ್ರವನ್ನೇ ಅಳಿಸಿಬಿಡು ಎಂದು ಎಲ್ಲರೂ ಹೇಳಿದರು. ಅಳಿಸಿದರೆ ಉಳಿಯುವುದು ಬರೀ ಕುಸಿತ, ಸೀನು ಎಲ್ಲೂ ಇರುವುದಿಲ್ಲ ಎಂದು ಅವಳು ಒಪ್ಪಲಿಲ್ಲ. ಮೊದಲಲ್ಲೇ ದೊಡ್ಡ ಅಕ್ಷರದಲ್ಲಿ ಕಲ್ಪನೆ ಎಂದು ಬರೆದಳು. ಕಪ್ಪು ಬಟ್ಟೆ, ಹಿಟ್ಟಿನ ತಟ್ಟೆ, ರಟ್ಟಿನ ಬಂಡೆ ಎಲ್ಲವನ್ನೂ ಬಿಚ್ಚಿ ತೋರಿಸುವ ಇನ್ನೊಂದು ವಿಡಿಯೋ ಮಾಡಿ ಹಾಕಿದಳು. ಅದರಲ್ಲಿ ಅಮ್ಮನೂ ಇದ್ದಳು, ನೆಲ ಒರೆಸುತ್ತ. ದಮ್ಮಿನ ಹೆಂಗಸು ಕೆಲವು ದಿನ ಆಸ್ಪತ್ರೆಯಲ್ಲಿದ್ದು ಗುಣವಾದಳು. ಧೂಳಕ್ಕ ದಿನಾ ಹೋಗಿ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಬಾ ಎಂದು ಆ ಹೆಂಗಸು ಒಮ್ಮೆಯೂ ಕರೆಯಲಿಲ್ಲ.

ಅಣ್ಣ ಬೈಯಲಿಲ್ಲ. ಮಾತೇ ಬಿಟ್ಟ. ಅವನ ಬಸ್ಸು ಖಾಲಿ ಓಡುತ್ತಿತ್ತು. ಸುಳ್ಳೆಂದು ಗೊತ್ತಿದ್ದ ಜನರೂ ಹದಿನಾಲ್ಕನೇ ನಂಬರು ಬಂದರೆ ನಿಲ್ದಾಣದಲ್ಲಿ ಬೇರೆಲ್ಲೋ ನೋಡುತ್ತ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಒಂದು ಬೆಳಿಗ್ಗೆ ಅವಳು ಹೋಗಿ ಡ್ರೈವರಿನ ಹಿಂದಿನ ಮೊದಲ ಸೀಟಿನಲ್ಲಿ ಕೂತಳು. ಅವನು ಕನ್ನಡಿಯಲ್ಲಿ ನೋಡಿ ಬಸ್ಸು ಹೊರಡಿಸಿದ. ಸುರಂಗ ಕಣ್ಣಿಗೆ ಬೀಳುತ್ತಿದ್ದಂತೆ ಬಸ್ಸು ತಾನಾಗಿ ನಿಧಾನವಾಯಿತು. ಬಾಯಿಯ ಹತ್ತಿರ ನಿಂತೇಬಿಟ್ಟಿತು.

"ದಿನಾ ಹೀಗೇ," ಎಂದ ಅಣ್ಣ, ಮುಂದೆಯೇ ನೋಡುತ್ತ. "ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತೆ. ನಾನೇ ನಟನೆ ಮಾಡಿದೀನಿ, ನಾನೇ ನಕ್ಕಿದೀನಿ. ಆದ್ರೂ ಇಲ್ಲಿಗೆ ಬಂದ್ರೆ ಕಲ್ಲು ಬೀಳೋದೇ ಕಾಣುತ್ತೆ."

"ನನಗೂ ಕಾಣುತ್ತಣ್ಣ."

ಹಿಂದಿನ ಗಾಡಿಯವನು ಹಾರನ್ ಹೊಡೆದ. ಅಣ್ಣ ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗೇರು ಹಾಕಿದ. ಆಚೆಯ ಬಿಸಿಲಿಗೆ ಬಂದ ಮೇಲೆ ಅವನು, "ನಾಳೆಯೂ ಬರ್ತೀಯಾ?" ಎಂದು ಕೇಳಿದ.

"ಬರ್ತೀನಿ."

"ಹಾಗಾದ್ರೆ ಈ ಸೀಟು ಬಿಟ್ಟು ಆ ಕಡೆ ಕೂತ್ಕೋ. ಹಿಂದಿನಿಂದ ನಿನ್ನ ಉಸಿರು ನನ್ನ ಕುತ್ತಿಗೆಗೆ ತಾಗುತ್ತೆ."

ಬಸ್ಸು ಮತ್ತೆ ತುಂಬಲು ಬಹಳ ದಿನ ಹಿಡಿಯಿತು. ಅಲ್ಲಿಯವರೆಗೂ ಅವಳು ದಿನಾ ಅದರಲ್ಲೇ ಹೋಗಿ, ಆಚೆ ಬದಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ವಾಪಸಾಗಿ ಆಸ್ಪತ್ರೆಗೆ ತಡವಾಗಿ ತಲುಪುತ್ತಿದ್ದಳು. ದೊಡ್ಡ ಡಾಕ್ಟರು ಗಡಿಯಾರ ನೋಡುತ್ತಿದ್ದರು, ಕೇಳುತ್ತಿರಲಿಲ್ಲ.